ಗುಂಡಿ ತೋಡದ ಗಣಿಯೂರು

ಚಿನ್ನದ ಗಣಿಯೂರು ಅಂದರೆ ಕನ್ನಡಿಗರಿಗೆ ತಟ್ಟನೆ ನೆನಪಾಗುವುದು ಕೋಲಾರದ ಕೆಜಿಎಫ್. ಈಗಿನ ಹುಡುಗರಿಗಾದರೆ ನೆನಪಾಗುವುದು ಊರೂ ಅಲ್ಲ, ಆ ಹೆಸರಿನ ಸಿನಿಮಾದ ಒಂದು ಗಡ್ಡ. ಇರಲಿ. ಆ ಊರಿನವರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಬಂಡೆಯ ಕಾವಿಗೆ ಬೆಂದು, ಕಲ್ಲುಧೂಳು ಕುಡಿದು, 120 ವರ್ಷ ಅಗೆದು ಸುಮಾರು 800 ಟನ್ ಚಿನ್ನ ತೆಗೆದರು. ತೆಗೆದವರು ಅವರು, ಹೊತ್ತುಕೊಂಡು ಹೋದವರು ಇನ್ನೊಬ್ಬರು ಅನ್ನುವುದು ಬೇರೆ ಮಾತು. ಆದರೆ ಚಿನ್ನಕ್ಕಾಗಿ ಅಷ್ಟೆಲ್ಲ ಬೆವರು ಹರಿಸಬೇಕೆಂದು ಆ ಪಾಪದವರಿಗೆ ಹೇಳಿಕೊಟ್ಟವರು ಯಾರೋ! ಕೋಲಾರಕ್ಕೆ ಗಣಿ ಅಗೆಯುವ ಜಾನ್ ಟೇಲರ್ ಕಂಪನಿ ಕಾಲಿಡುವುದಕ್ಕೆ ಹದಿನೈದಿಪ್ಪತ್ತು ವರ್ಷ ಮೊದಲೇ ಮುಂಬಯಿಯ ಬೈಕುಲ್ಲಾದಲ್ಲಿ ಕೂತ ಮಹನೀಯರು ಗುದ್ದಲಿ ಮುಟ್ಟದೆ, ಧೋತರದ ಅಂಚಿಗೆ ಮಣ್ಣು ಸೋಕಿಸದೆ, ಎಲ್ಲರಿಗಿಂತ ಬೇಗ ಚಿನ್ನ ತೆಗೆದು ತೋರಿಸಿದ್ದರು. ಗಣಿ ಅಂದಮೇಲೆ ಗುಂಡಿ ಇರಬೇಕು ಅನ್ನುವುದು ನಮ್ಮಂಥ ಹಳ್ಳಿಗರ ಮೂಢನಂಬಿಕೆ. ಬೈಕುಲ್ಲಾದ ಗಣಿಗೆ ಬೇಕಾಗಿದ್ದದ್ದು ಒಂದು ವರಾಂಡ, ನಾಲ್ಕು ಕುರ್ಚಿ, ಒಂದು ಶಾಯಿಕುಡಿಕೆ.

ಇವತ್ತು ಬೈಕುಲ್ಲಾದಲ್ಲಿ ಲೋಕಲ್‌ನಿಂದ ಇಳಿದರೆ ಇದೊಂದು ಚಿನ್ನದೂರು ಅಂತ ಯಾರಿಗೂ ಅನ್ನಿಸುವುದಿಲ್ಲ. ಸ್ಟೇಷನ್ನಿನ ಹಳೇ ಕಲ್ಲುಕಟ್ಟಡಕ್ಕೆ 2022ರಲ್ಲಿ ಯುನೆಸ್ಕೋದ ಪ್ರಶಸ್ತಿ ಬಂದಿದೆ. ಪ್ರಶಸ್ತಿ ನೋಡಲು ನಿಂತರೆ ಹಿಂದಿನಿಂದ ಬರುವ ತರಕಾರಿ ಮೂಟೆ ನಮ್ಮನ್ನು ಹೊರಗೆ ತಲುಪಿಸುತ್ತದೆ. ಹೊರಗೆ ಮಾರ್ಕೆಟ್ಟು, ಒಂದು ಕಡೆ ಜೈಲು, ಇನ್ನೊಂದು ಕಡೆ ಪ್ರಾಣಿಸಂಗ್ರಹಾಲಯ, ಆಚೆಗೆ ಜೆ.ಜೆ. ಆಸ್ಪತ್ರೆ. ಮನುಷ್ಯನಿಗೆ ಬೇಕಾದ ಸಕಲ ವ್ಯವಸ್ಥೆಯೂ ಒಂದೇ ಸ್ಟೇಷನ್ನಿನಲ್ಲಿ. ಆದರೆ 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ಯಾಸೆಂಜರ್ ರೈಲು ಬೋರಿಬಂದರಿನಿಂದ ಠಾಣೆಗೆ ಹೊಗೆ ಬಿಡುತ್ತಾ ಈ ದಾರಿಯಲ್ಲೇ ಹೋದಾಗ ಇದು ಸಾಹೇಬರ, ಶೇಟುಗಳ ತೋಟದ ಬಂಗಲೆಗಳ ಊರು. 1833ರಲ್ಲೇ ಬೈಕುಲ್ಲಾ ಕ್ಲಬ್ಬು ಹುಟ್ಟಿತ್ತು. ಮಹಾಲಕ್ಷ್ಮಿಗೆ ಹೋಗುವ ಮೊದಲು ಕುದುರೆಗಳು ಓಡುತ್ತಿದ್ದದ್ದೂ ಇಲ್ಲೇ. ಬಗ್ದಾದಿನಿಂದ ಬಂದ ಡೇವಿಡ್ ಸಸೂನನ ಸಾನ್ಸೂಸಿ ಬಂಗಲೆ ಇಲ್ಲೇ ಇತ್ತು, ಈಗ ಅದು ಮಸೀನಾ ಆಸ್ಪತ್ರೆ. ಜೆ.ಜೆ. ಆಸ್ಪತ್ರೆ ಕಟ್ಟಿಸಿದ ಜಮ್‌ಶೆಟ್‌ಜೀ ಜೀಜೀಭಾಯಿ ಚೀನಾಕ್ಕೆ ಅಫೀಮು ಕಳಿಸಿ ಶ್ರೀಮಂತನಾದವನು. ಸಸೂನರದ್ದೂ ಅದೇ ಸರಕು. ಚೀನಾದವರಿಗೆ ರೋಗ, ನಮಗೆ ಆಸ್ಪತ್ರೆ. ಲೆಕ್ಕ ಸರಿಹೋಯಿತು.

ಅಂದರೆ ಊರು ಮೊದಲೇ ಹದವಾಗಿತ್ತು. ಚಿನ್ನ ಬರುವುದೊಂದು ಬಾಕಿ.

ಅದು ಬಂದದ್ದು 1861ರಲ್ಲಿ, ಬೇರೆಯವರ ಮನೆಯ ಜಗಳದಿಂದ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕದ ಉತ್ತರದವರೂ ದಕ್ಷಿಣದವರೂ ಯುದ್ಧಕ್ಕೆ ನಿಂತರು. ಉತ್ತರದವರು ದಕ್ಷಿಣದ ಬಂದರುಗಳಿಗೆ ಅಡ್ಡಗಟ್ಟಿದರು. ಗುಲಾಮರು ಬಿಡಿಸಿದ ಹತ್ತಿಯಿಂದ ನೂಲು ತೆಗೆಯುತ್ತಿದ್ದ ಲ್ಯಾಂಕಾಶೈರಿನ ಮಿಲ್ಲುಗಳು ಹೊಟ್ಟೆಗಿಲ್ಲದೆ ಬಾಯಿ ಬಿಟ್ಟವು. ಆಗ ಅವರಿಗೆ ಹಿಂದೂಸ್ಥಾನ ಅನ್ನುವ ದೇಶವೊಂದು ಇದೆ, ಅಲ್ಲಿ ಹತ್ತಿ ಬೆಳೆಯುತ್ತದೆ ಅನ್ನುವುದು ನೆನಪಾಯಿತು. ಅದುವರೆಗೆ ನಮ್ಮ ಹತ್ತಿಗೆ ಅಲ್ಲಿದ್ದ ಮರ್ಯಾದೆ ಎಷ್ಟೆಂದರೆ, ಹತ್ತಿ ಕರುಣಿಸಪ್ಪಾ ಎಂದು ಪಾದ್ರಿ ಪ್ರಾರ್ಥಿಸಿದಾಗ ಹಿಂದಿನ ಬೆಂಚಿನ ನೇಕಾರನೊಬ್ಬ, ಸೂರತ್ತಿನದ್ದು ಮಾತ್ರ ಬೇಡ ದೇವರೇ ಎಂದು ಸೇರಿಸಿದನಂತೆ. ಹಸಿವು ಜಾಸ್ತಿಯಾದಮೇಲೆ ಪ್ರಾರ್ಥನೆಯ ತಿದ್ದುಪಡಿ ಬಿದ್ದುಹೋಯಿತು. ಬೆಲೆ ಮೂರು ನಾಲ್ಕು ಪಟ್ಟು ಏರಿತು. ಮುಂಬಯಿಯಲ್ಲಿ ಜನ ಹಾಸಿಗೆ ದಿಂಬು ಬಿಚ್ಚಿ ಹತ್ತಿ ಮಾರಿದರು ಅನ್ನುತ್ತಾರೆ. ನೆಲದ ಮೇಲೆ ಮಲಗಿ ಶ್ರೀಮಂತರಾಗುವ ಪದ್ಧತಿ ಈ ಶಹರಕ್ಕೆ ಆವಾಗಲೇ ಬಂದದ್ದು. ಚಾಳಿನ ವಠಾರಗಳಲ್ಲಿ ಅದು ಇವತ್ತಿಗೂ ಬಳಕೆಯಲ್ಲಿದೆ.

ಯುದ್ಧದ ಆ ನಾಲ್ಕೈದು ವರ್ಷಗಳಲ್ಲಿ ಮಾಮೂಲಿ ಆದಾಯದ ಮೇಲೆ ಏಳೆಂಟು ಕೋಟಿ ಪೌಂಡಿನಷ್ಟು ಹೆಚ್ಚುವರಿ ದುಡ್ಡು ಮುಂಬಯಿಗೆ ಹರಿದು ಬಂತು. ಕಾಗದದಲ್ಲಲ್ಲ, ಬೆಳ್ಳಿ ಬಂಗಾರದ ಗಟ್ಟಿಗಳಲ್ಲಿ. ಈ ಗಟ್ಟಿಗಳು ಎಲ್ಲಿಂದ ಅಗೆದು ಬಂದವು ಎಂದು ಕೇಳಿದರೆ ಉತ್ತರ ನಮ್ಮ ಕಡೆಗೇ ಬರುತ್ತದೆ. ಗದಗ, ಹುಬ್ಬಳ್ಳಿ, ನವಲಗುಂದಗಳ ಎರೆಮಣ್ಣಿನ ಹೊಲಗಳಿಂದಲೂ ಬಂದವು. 1840ರ ದಶಕದಲ್ಲಿ ಕಂಪನಿ ಸರ್ಕಾರ ನ್ಯೂ ಆರ್ಲಿಯನ್ಸಿನ ಹತ್ತಿಬೀಜ ತಂದು ಧಾರವಾಡ ಜಿಲ್ಲೆಯಲ್ಲಿ ಹಾಕಿಸಿತ್ತು. ಬೇರೆ ಜಿಲ್ಲೆಗಳಲ್ಲಿ ಹೊರಳಿಯೂ ನೋಡದ ಆ ಬೀಜ ಇಲ್ಲಿಯ ಮಣ್ಣಿಗೆ ಒಗ್ಗಿಕೊಂಡು ‘ಧಾರವಾಡ-ಅಮೆರಿಕನ್’ ಎಂಬ ಹೆಸರು ಪಡೆಯಿತು. ಹೀಗಾಗಿ ಅಮೆರಿಕದಿಂದ ಅಮೆರಿಕನ್ ಹತ್ತಿ ಸಿಗದೇ ಹೋದಾಗ ಇಂಗ್ಲೆಂಡಿಗೆ ಅಮೆರಿಕನ್ ಹತ್ತಿ ಕೊಟ್ಟವರು ಜೋಳದ ರೊಟ್ಟಿ ತಿನ್ನುವ ನಮ್ಮ ಒಕ್ಕಲಿಗರು. ಅವರೂ ಸುಮ್ಮನೆ ಕೂರಲಿಲ್ಲ. ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹೊಡೆಸಿದರು ಅನ್ನುವ ಕಥೆ ಆ ಕಾಲದ್ದು. ಅದು ನಿಜವೋ, ರೈತನ ಮೈಮೇಲೆ ಹೊಸ ಅಂಗಿ ಕಂಡ ಕೂಡಲೇ ಪೇಟೆಯವರು ಕಟ್ಟುವ ಕಥೆಯೋ, ಅವರವರ ಅನುಭವಕ್ಕೆ ಬಿಟ್ಟದ್ದು. ಹತ್ತಿಗೆ ಮಣ್ಣು, ಬೀಜ, ನೀರು ಬೆರೆಸಿ ತೂಕ ಹೆಚ್ಚಿಸುವ ಕಲೆಯಂತೂ ನಿಜವಾಗಿ ಬೆಳೆಯಿತು. ದಲ್ಲಾಳಿಗಳು, ಸಾಹುಕಾರರು ಅದರಲ್ಲಿ ಎಷ್ಟು ಪಳಗಿದರೆಂದರೆ 1863ರಲ್ಲಿ ಮುಂಬಯಿ ಸರ್ಕಾರ ಹತ್ತಿಯ ಮೋಸಕ್ಕೆಂದೇ ಒಂದು ಕಾನೂನು ಮಾಡಬೇಕಾಯಿತು. ಸಮುದ್ರದ ನೀರಿನ ಮೇಲೆ ಶೇರು ಮಾರುವವನಿಗೆ ಆಗ ಯಾವ ಕಾನೂನೂ ಇರಲಿಲ್ಲ, ಅಂಡಿಗೆಯಲ್ಲಿ ಹಿಡಿ ಮಣ್ಣು ಸೇರಿಸಿದವನಿಗೆ ಇತ್ತು.

ಕಾರವಾರದ ಕಥೆ ಕೇಳಿ. ಧಾರವಾಡದ ಹತ್ತಿ ಘಟ್ಟ ಇಳಿದು ಸೀದಾ ಹಡಗು ಹತ್ತಲಿ ಎಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನ ಕೈಯಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಯಕ್ಷಗಾನ ನೋಡುತ್ತಾ ಚಾಪೆಯ ಮೇಲೆ ತೂಕಡಿಸಿದ ಜನ ಮದ್ರಾಸಿನವರು, ಬೆಳಿಗ್ಗೆ ಚಾಪೆ ಮಡಚಿದಾಗ ಮುಂಬಯಿಯವರು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಸದಾಶಿವಗಡಕ್ಕೆ ಯಂತ್ರಗಳನ್ನೂ ಸಾಹೇಬರನ್ನೂ ಕಳಿಸಿತು. ಬಂದು ನೋಡಿದರೆ ಘಟ್ಟದ ರಸ್ತೆ ಇನ್ನೂ ಆಗಿರಲಿಲ್ಲ. ಯಂತ್ರ ಇತ್ತ, ಹತ್ತಿ ಅತ್ತ, ನಡುವೆ ಸಹ್ಯಾದ್ರಿ. ಕಂಪನಿ ಬಾಗಿಲು ಹಾಕಿಕೊಂಡು ಹೋಯಿತು. ಆ ಘಟ್ಟಕ್ಕೆ ರೈಲು ಬೇಕು ಅನ್ನುವ ಮಾತು ಮಾತ್ರ ಸತ್ತಿಲ್ಲ, ಹುಬ್ಬಳ್ಳಿ-ಅಂಕೋಲಾ ಗಾಡಿ ಇವತ್ತಿಗೂ ಕಡತಗಳ ಮೇಲೆ ನಿಗದಿತ ವೇಳೆಗೆ ಓಡುತ್ತಿದೆ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುವ ಗಾದೆಯಲ್ಲಿ ಕೈ ಯಾರದ್ದು, ಬಾಯಿ ಯಾರದ್ದು ಎಂದು ನಮ್ಮ ಹಿರಿಯರು ಹೇಳಿಲ್ಲ. ಬೈಕುಲ್ಲಾ ಅದನ್ನು ಬಿಡಿಸಿ ಹೇಳಿತು.

ಆ ಬಾಯಿಯ ಹೆಸರು ಪ್ರೇಮಚಂದ್ ರಾಯಚಂದ್. ಸೂರತ್ತಿನ ಜೈನ ಮನೆತನದವನು. ಇಂಗ್ಲಿಷ್ ಓದಿ ಬರೆಯಬಲ್ಲ ಮೊದಲ ದೇಶೀ ದಲ್ಲಾಳಿ ಎಂದು ಹೆಸರಾದವನು. ಬೈಕುಲ್ಲಾದ ಲವ್ ಲೇನಿನಲ್ಲಿ ಪ್ರೇಮೋದ್ಯಾನ ಎಂಬ ಅವನ ಬಂಗಲೆ, ಈಗ ಅಲ್ಲಿ ಕ್ರೈಸ್ತ ಸನ್ಯಾಸಿನಿಯರ ಶಾಲೆ. ಯುದ್ಧ ಶುರುವಾದಾಗ ಮೂವತ್ತರ ಹರೆಯ. ಲಿವರ್‌ಪೂಲಿನ ಹತ್ತಿ ದರ ಹೊತ್ತು ತರುವ ಹಡಗು ಬಂದರು ಮುಟ್ಟುವವರೆಗೆ ಉಳಿದ ವ್ಯಾಪಾರಿಗಳು ದಂಡೆಯಲ್ಲಿ ಕಾಯುತ್ತಿದ್ದರೆ, ಇವನು ಚಿಕ್ಕ ದೋಣಿಗಳನ್ನು ಎದುರಿಗೆ ಕಳಿಸಿ ಸುದ್ದಿಯನ್ನು ಸಮುದ್ರದಲ್ಲೇ ಇಳಿಸಿಕೊಳ್ಳುತ್ತಿದ್ದ. ಇವತ್ತು ಹಾಗೆ ಮಾಡಿದರೆ ಒಳಗಿನ ಮಾಹಿತಿ ಕದ್ದನೆಂದು ಶೇರುಪೇಟೆ ಕಾಯುವ ಸೆಬಿ ನೋಟೀಸು ಕೊಡುತ್ತದೆ. ಆಗ ಅದಕ್ಕೆ ಬುದ್ಧಿವಂತಿಕೆ ಎನ್ನುತ್ತಿದ್ದರು. ಇವತ್ತೂ ನೋಟೀಸು ಬರುವವರೆಗೆ ಹಾಗೆಯೇ ಎನ್ನುತ್ತಾರೆ.

ಹತ್ತಿಯಿಂದ ಬಂದ ಗಟ್ಟಿಯನ್ನು ಏನು ಮಾಡುವುದು ಎಂಬ ಸಮಸ್ಯೆ ಹುಟ್ಟಿತು. ದುಡ್ಡಿಲ್ಲದವನ ಸಮಸ್ಯೆಗೆ ಪರಿಹಾರ ಒಂದೇ, ದುಡ್ಡಿದ್ದವನದ್ದಕ್ಕೆ ನೂರೆಂಟು. ಕಂಪನಿಗಳನ್ನು ಕಟ್ಟಿದರು. 1865 ಹುಟ್ಟುವ ಹೊತ್ತಿಗೆ ಮುಂಬಯಿಯಲ್ಲಿ 31 ಬ್ಯಾಂಕು, 16 ಫೈನಾನ್ಸ್ ಸಂಸ್ಥೆ, 8 ಲ್ಯಾಂಡ್ ಕಂಪನಿ, 20 ವಿಮಾ ಕಂಪನಿ, ಜೊತೆಗೆ ಹತ್ತಿ ಒತ್ತುವವು, ಹಡಗು ನಡೆಸುವವು, ಏನು ನಡೆಸುತ್ತವೆಂದು ಅವುಗಳ ಡೈರೆಕ್ಟರುಗಳಿಗೂ ಹೊಳೆಯದಂಥವು. ಬ್ಯಾಂಕು ಫೈನಾನ್ಸ್ ಸಂಸ್ಥೆಗೆ ಸಾಲ ಕೊಡುವುದು, ಫೈನಾನ್ಸ್ ಸಂಸ್ಥೆ ಆ ದುಡ್ಡಿನಲ್ಲಿ ಬ್ಯಾಂಕಿನ ಶೇರು ಕೊಳ್ಳುವುದು, ಶೇರು ಏರಿತೆಂದು ಇಬ್ಬರೂ ಸೇರಿ ಭೋಜನ ಮಾಡುವುದು. ಬೆಳಗಾದರೆ ಪ್ರೇಮಚಂದನ ಬಂಗಲೆಯ ಮುಂದೆ ಗಾಡಿಗಳ ಸಾಲು. ಶೇರು ಹಂಚಿಕೆಯ ಪಟ್ಟಿಯಲ್ಲಿ ಹೆಸರು ಬಂದರೆ ಸಾಕು, ಮಧ್ಯಾಹ್ನದೊಳಗೆ ಲಾಭ. ವೈದ್ಯರು, ವಕೀಲರು, ಗುಮಾಸ್ತರು, ಗೋರಾ ಅಧಿಕಾರಿಗಳು ಎಲ್ಲರೂ ಕೈ ಹಾಕಿದರು. ಜಾತಿ ಮತ ಬಣ್ಣಗಳ ಭೇದ ಮರೆತು ಮುಂಬಯಿ ಒಂದಾದ ಸಂದರ್ಭಗಳು ಕಡಿಮೆ. ಇದು ಅವುಗಳಲ್ಲೊಂದು.

ಎಲ್ಲಕ್ಕೂ ಕಿರೀಟದಂಥದ್ದು ಬ್ಯಾಕ್‌ಬೇ ರೆಕ್ಲಮೇಷನ್ ಕಂಪನಿ. ಕೊಲಾಬಾದಿಂದ ಮಲಬಾರ್ ಹಿಲ್‌ವರೆಗಿನ ಸಮುದ್ರವನ್ನು ತುಂಬಿಸಿ ಜಮೀನು ಮಾಡುವುದು, ಸ್ವಲ್ಪ ರೈಲಿಗೆ ಕೊಟ್ಟು ಉಳಿದದ್ದನ್ನು ಸೈಟು ಮಾಡಿ ಮಾರುವುದು. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸುವವರನ್ನು ನಾವು ಕಂಡಿದ್ದೇವೆ. ಇವರು ಕುಲಾವಿಯ ಮೇಲೆ ಸಾಲ ಎತ್ತಿದರು. 5,000 ರೂಪಾಯಿ ಕಟ್ಟಿದ ಒಂದು ಶೇರು 50,000 ದಾಟಿತು. ಆಗ ಆ ಜಾಗದಲ್ಲಿ ಇದ್ದದ್ದು ಉಪ್ಪುನೀರು, ಒಂದಷ್ಟು ಮೀನು. ಮೀನುಗಳಿಗೆ ತಮ್ಮ ಮನೆಯ ಚದರಡಿ ಬೆಲೆ ಗೊತ್ತಿರಲಿಲ್ಲವಾದ್ದರಿಂದ ಅವು ನೆಮ್ಮದಿಯಾಗಿದ್ದವು. ಬೈಕುಲ್ಲಾಕ್ಕೆ ಅಂಟಿಕೊಂಡ ಮಝಗಾಂವ್‌ಗೂ ಒಂದು ಲ್ಯಾಂಡ್ ಕಂಪನಿ ಬಂತು. ಮುಂಬಯಿಯ ಸಮುದ್ರ ಸಾಲದೆ ಬಂಗಾಳದ ಸುಂದರಬನದ ಅಂಚಿಗೂ ಹೋದರು. ಮಟ್ಲಾ ನದಿಯ ಜೌಗಿನಲ್ಲಿ ಕಲ್ಕತ್ತೆಯನ್ನು ಮೀರಿಸುವ ಪೋರ್ಟ್ ಕ್ಯಾನಿಂಗ್ ಎಂಬ ಬಂದರು ಎದ್ದೇಳುತ್ತದೆಂದು ಮುಂಬಯಿಯವರು ಶೇರಿಗೆ ಮುಗಿಬಿದ್ದರು. ಹುಲಿಗಳಿದ್ದ ಊರು, ಶೇರಿಗೆ ಮಾತ್ರ ಗೂಳಿಯ ಓಟ. 1867ರ ಚಂಡಮಾರುತದಲ್ಲಿ ಆ ಬಂದರಿನ ಕಥೆ ಮುಗಿಯಿತು. ಅಷ್ಟು ಹೊತ್ತಿಗೆ ಶೇರಿನ ಕಥೆ ಮುಗಿದು ಎರಡು ವರ್ಷವಾಗಿತ್ತು.

ಸರ್ಕಾರ ಏನು ಮಾಡುತ್ತಿತ್ತು ಎಂದು ಕೇಳಬೇಡಿ. ಸರ್ಕಾರ ಕೋಟೆ ಗೋಡೆ ಒಡೆಸುತ್ತಿತ್ತು. ಗವರ್ನರ್ ಬಾರ್ಟಲ್ ಫ್ರೇರ್ 1862ರಲ್ಲಿ ಬಂದವನೇ ಊರನ್ನು ಅಗಲ ಮಾಡುವ ಹುರುಪಿನಲ್ಲಿದ್ದ. ಬ್ಯಾಂಕ್ ಆಫ್ ಬಾಂಬೆಯಲ್ಲಿ ಸರ್ಕಾರದ್ದೇ ಪಾಲು, ಸರ್ಕಾರದ್ದೇ ಡೈರೆಕ್ಟರುಗಳು. 1863ರಲ್ಲಿ ಅದರ ನಿಯಮಗಳನ್ನು ಸಡಿಲಿಸಿ ಶೇರಿನ ಮೇಲೂ ಸಾಲ ಕೊಡಬಹುದು ಎಂದಾಯಿತು. ಬಾಗಿಲಿಗೆ ಬೀಗ ಇದ್ದಾಗ ಕಳ್ಳ ಕಿಟಕಿ ಹುಡುಕಬೇಕು. ಇಲ್ಲಿ ಬೀಗವನ್ನೇ ತೆಗೆದು, ಒಳಗೆ ಬಂದು ಕೂತುಕೊಳ್ಳಿ, ಚಹಾ ತರಿಸುತ್ತೇನೆ ಎಂದರು.

ಇಷ್ಟೆಲ್ಲದರ ಬುಡದಲ್ಲಿ ಇದ್ದದ್ದು ಒಂದೇ ನಂಬಿಕೆ: ಅಮೆರಿಕದವರು ಸಾಯುತ್ತಲೇ ಇರುತ್ತಾರೆ. ದಿನವೂ ನೂರಾರು ಜನ ಸಾಯುತ್ತಿದ್ದ ಯುದ್ಧ ಮುಗಿಯದಿರಲಿ ಎಂದು ಇಲ್ಲಿ ಅಹಿಂಸೆಯ ವ್ರತದವರೂ ಹಾರೈಸುತ್ತಿದ್ದರು. ಆದರೆ ದಕ್ಷಿಣದವರ ಜನರಲ್ ಲೀ ಎಂಬಾತನಿಗೆ ಮುಂಬಯಿಯ ಮಾರುಕಟ್ಟೆಯ ಕಷ್ಟಸುಖ ಗೊತ್ತಿರಲಿಲ್ಲ. 1865ರ ಏಪ್ರಿಲ್ 9ರಂದು ಅವನು ಶರಣಾದ. ಲೋಕದಲ್ಲಿ ಶಾಂತಿ ಬಂತೆಂದು ಇಷ್ಟು ಅತ್ತ ಊರು ಇನ್ನೊಂದು ಇರಲಾರದು.

ಹತ್ತಿ ಬಿತ್ತು, ಶೇರು ಬಿದ್ದವು. ಮುಂದಿನ ತಾರೀಖಿಗೆ ಕೊಡು-ಕೊಳ್ಳುವ ಕರಾರುಗಳೆಲ್ಲ ಚುಕ್ತಾ ಆಗಬೇಕಾಗಿದ್ದದ್ದು 1865ರ ಜುಲೈ 1ಕ್ಕೆ. ಆ ದಿನ ಕೊಡಬೇಕಾದವನ ಹತ್ತಿರ ಇರಲಿಲ್ಲ, ಅವನಿಗೆ ಕೊಡಬೇಕಾದವನ ಹತ್ತಿರವೂ ಇರಲಿಲ್ಲ. ಬ್ಯಾಂಕ್ ಆಫ್ ಬಾಂಬೆಯ 2,850 ರೂಪಾಯಿಯ ಶೇರು 87ಕ್ಕೆ ಇಳಿಯಿತು. 50,000 ಮೀರಿದ್ದ ಬ್ಯಾಕ್‌ಬೇ ಎರಡು ಸಾವಿರಕ್ಕೂ ಕೆಳಗೆ. ಆಗಲೂ ಅದು ದುಬಾರಿಯೇ, ನೀರಿಗೆ. ಚಿನ್ನದೂರುಗಳ ನಿಜವಾದ ಲಕ್ಷಣ ಜನಗಣತಿಯಲ್ಲಿ ಕಾಣುತ್ತದೆ ಎನ್ನುತ್ತಾರೆ, ಅದೂ ಇಲ್ಲಿ ಚೆನ್ನಾಗಿಯೇ ಕಂಡಿತು. 1864ರಲ್ಲಿ 8,16,562 ಇದ್ದ ಮುಂಬಯಿಯ ಜನಸಂಖ್ಯೆ 1872ಕ್ಕೆ 6,44,405. ಒಂದು ಲಕ್ಷ ಎಪ್ಪತ್ತು ಸಾವಿರ ತಲೆ ಕಡಿಮೆ. ಬಂದವರು ಗಂಟು ಕಟ್ಟಿದರು. ಮೂಟೆ ಹೊರಲು, ಗಾರೆ ಕಲೆಸಲು ಘಟ್ಟ ಇಳಿದು ಬಂದಿದ್ದವರು ಘಟ್ಟ ಹತ್ತಿದರು. ಅವರ ಹೆಸರಲ್ಲಿ ಒಂದು ಶೇರೂ ಇರಲಿಲ್ಲ, ಆದರೂ ಮೊದಲು ಮುಳುಗಿದವರು ಅವರು. ಎಲ್ಲ ಗಣಿಯೂರುಗಳಲ್ಲೂ ಇದೇ ಕ್ರಮ.

ಬಿದ್ದ ಶ್ರೀಮಂತರ ಸಂಗತಿ ಬೇರೆ. ಅವರು ಬೀಳುವಾಗಲೂ ಒಂದು ಕಟ್ಟಡದ ಮೇಲೆ ಬಿದ್ದು, ಅದಕ್ಕೆ ತಮ್ಮ ಹೆಸರು ಅಂಟಿಸಿ ಏಳುತ್ತಾರೆ. ಪ್ರೇಮಚಂದ್ ಹೆಚ್ಚು ಕಡಿಮೆ ಎಲ್ಲ ಕಳೆದುಕೊಂಡ. ಆದರೆ ಬೀಳುವ ಮೊದಲೇ ವಿಶ್ವವಿದ್ಯಾಲಯಕ್ಕೆ ಪುಸ್ತಕಾಲಯಕ್ಕೆಂದು ಎರಡು ಲಕ್ಷ, ಗಡಿಯಾರದ ಗೋಪುರಕ್ಕೆಂದು ಎರಡು ಲಕ್ಷ ಕೊಟ್ಟಿದ್ದ. ತಾಯಿ ರಾಜಾಬಾಯಿಯ ಹೆಸರಿನ ಆ ಗೋಪುರ 1878ರಲ್ಲಿ ಮುಗಿಯಿತು. ಕಣ್ಣು ಕಾಣದ ಜೈನ ಮುದುಕಿಗೆ ಸೂರ್ಯ ಮುಳುಗುವ ಮೊದಲು ಊಟ ಮಾಡಲು ಗಂಟೆಯ ಸದ್ದು ಬೇಕಿತ್ತು ಎಂಬ ಕಥೆ ಇದೆ. ಕೋಟೆ ಪ್ರದೇಶದ ಆ ಗೋಪುರದ ಗಂಟೆ ಬೈಕುಲ್ಲಾದ ಬಂಗಲೆಗೆ ಕೇಳಿಸಬೇಕಾದರೆ ಅಂದಿನ ಮುಂಬಯಿ ಬಹಳ ಸಾಧುವಾದ ಊರಾಗಿದ್ದಿರಬೇಕು. ಮಗನ ಶೇರು ಮುಳುಗುವ ಹೊತ್ತನ್ನು ಮಾತ್ರ ಯಾವ ಗಂಟೆಯೂ ಹೇಳಲಿಲ್ಲ. ಬ್ಯಾಂಕು ಮುಳುಗಿದ್ದು ಹೇಗೆಂದು ತಿಳಿಯಲು ಸರ್ ಚಾರ್ಲ್ಸ್ ಜಾಕ್ಸನ್ ಅಧ್ಯಕ್ಷತೆಯಲ್ಲಿ ಆಯೋಗ ಕೂತಿತು. ವರದಿ ಬರುವ ಹೊತ್ತಿಗೆ ಹಳೇ ಬ್ಯಾಂಕ್ ಆಫ್ ಬಾಂಬೆಯನ್ನು ಮುಚ್ಚಿ ಹೊಸದನ್ನು ತೆರೆದಾಗಿತ್ತು. ಹೊಸದರ ಹೆಸರು: ಬ್ಯಾಂಕ್ ಆಫ್ ಬಾಂಬೆ. ಅದರ ವಂಶವೇ ಮುಂದೆ ಸ್ಟೇಟ್ ಬ್ಯಾಂಕಿನಲ್ಲಿ ಸೇರಿದೆ. ಅಲ್ಲಿಯ ಊಟದ ಹೊತ್ತಿನ ಶಿಸ್ತಾದರೂ ರಾಜಾಬಾಯಿಯಿಂದಲೇ ಬಂದದ್ದೋ ಏನೋ.

ಡಾಕ್ಟರ್ ಭಾವು ದಾಜಿ ಲಾಡ್ ಅವರ ವಿಷಯದಲ್ಲಿ ನನಗೆ ವ್ಯಂಗ್ಯ ಅಷ್ಟು ಸುಲಭವಾಗಿ ಬರುವುದಿಲ್ಲ. ಬಡವರಿಗೆ ಔಷಧ ಕೊಟ್ಟ ವೈದ್ಯರು, ಶಾಸನ ಓದಿದ ವಿದ್ವಾಂಸರು. ಅವರೂ ದುಡಿದದ್ದನ್ನೆಲ್ಲ ಶೇರಿನಲ್ಲಿ ಕಳೆದುಕೊಂಡರು. ಅವರು ದುಡಿದು ಕೂಡಿಸಿದ ಬೈಕುಲ್ಲಾದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ 1862ರಲ್ಲಿ ಅಡಿಗಲ್ಲು ಬಿದ್ದಿತ್ತು. ಕುಸಿತದಲ್ಲಿ ಕೆಲಸ ನಿಂತು, ಕೊನೆಗೆ ಸರ್ಕಾರ ಕೈ ಹಾಕಿ 1872ರಲ್ಲಿ ಬಾಗಿಲು ತೆರೆಯಿತು. 1975ರಲ್ಲಿ ಅದಕ್ಕೆ ಅವರದ್ದೇ ಹೆಸರಿಟ್ಟರು. ಒಳಗೆ ಹೋದರೆ ಹಳೇ ಮುಂಬಯಿಯ ಕಸುಬುಗಳ ಪುಟ್ಟ ಪುಟ್ಟ ಮಣ್ಣಿನ ಬೊಂಬೆಗಳಿವೆ. ಹೊರಗೆ, ಸ್ವಾತಂತ್ರ್ಯದ ನಂತರ ಕೆಲಸ ಕಳೆದುಕೊಂಡ ದೊರೆಗಳು ಕಲ್ಲಾಗಿ ಕಂಚಾಗಿ ವಿಶ್ರಾಂತಿ ಪಡೆಯುತ್ತಿದ್ದಾರೆ, ಕಾಳಾ ಘೋಡಾದ ಎಡ್ವರ್ಡ್ ದೊರೆ ಕುದುರೆ ಸಮೇತ. ಪಕ್ಕದಲ್ಲೇ ರಾಣಿಬಾಗ್ ಪ್ರಾಣಿಸಂಗ್ರಹಾಲಯ. ಅಲ್ಲಿಗೆ 2016ರಲ್ಲಿ ಕೊರಿಯಾದಿಂದ ಎಂಟು ಪೆಂಗ್ವಿನ್ ತಂದರು. ಮರುವರ್ಷ ಐದು ರೂಪಾಯಿ ಇದ್ದ ಟಿಕೆಟ್ಟು 50 ಆಯಿತು. ಬ್ಯಾಕ್‌ಬೇ ಶೇರಿನಷ್ಟೇ, ಸರಿಯಾಗಿ ಹತ್ತು ಪಟ್ಟು. ವ್ಯತ್ಯಾಸ ಇಷ್ಟೇ, ಪೆಂಗ್ವಿನ್ನುಗಳು ನಿಜವಾಗಿಯೂ ಅಲ್ಲಿವೆ.

ಕುಸಿತದಿಂದ ಊರು ಪಾಠ ಕಲಿಯಿತೇ? ಕಲಿಯಿತು. ಮುಂದಿನ ಗಣಿ ಕಾಗದದ್ದಾಗದೆ ಇಟ್ಟಿಗೆಯದ್ದಾಗಲಿ ಎಂದು. ಲಂಡನ್ನಿನಲ್ಲಿ ಕೈಯಲ್ಲಿ ಬೆಲೆಯಿಲ್ಲದ ಕಾಗದ ಹಿಡಿದು ನಿಂತಿದ್ದ ಜಮ್‌ಶೆಟ್‌ಜೀ ಟಾಟಾ ಎಂಬ ತರುಣ ವಾಪಸು ಬಂದು, 1869ರಲ್ಲಿ ಬೈಕುಲ್ಲಾದ ಮುಂದಿನ ಸ್ಟೇಷನ್ ಚಿಂಚ್‌ಪೋಕ್ಲಿಯಲ್ಲಿ ದಿವಾಳಿಯೆದ್ದ ಎಣ್ಣೆ ಗಿರಣಿಯೊಂದನ್ನು ಕೊಂಡು ಹತ್ತಿ ಮಿಲ್ಲು ಮಾಡಿದ. ಸುತ್ತಲೂ ಚಿಮಣಿಗಳೆದ್ದವು. ನೂರು ವರ್ಷ ಆ ಚಿಮಣಿಗಳ ಕೆಳಗೆ ಕೊಂಕಣ, ಸಾತಾರಾ, ಸೊಲ್ಲಾಪುರಗಳ ಜನ ನೂಲು ತೆಗೆದರು. ಅವರಿಗೆ ಚಹಾ ಕೊಡಲು ಕುಂದಾಪುರ, ಉಡುಪಿಗಳಿಂದ ಹುಡುಗರು ಬಂದರು, ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದಿದರು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮಾತಿಗೆ ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆ ಮುಷ್ಕರವನ್ನು ಹಿಂತೆಗೆದುಕೊಂಡೆವು ಎಂದು ಇವತ್ತಿನವರೆಗೆ ಯಾರೂ ಹೇಳಿಲ್ಲ. ಕಾನೂನಿನ ಪ್ರಕಾರ ಅವರು ನಾಳೆ ಬೆಳಿಗ್ಗೆ ಕೆಲಸಕ್ಕೆ ಬಂದರೂ ಬರಬಹುದು, ಗೇಟಿನಲ್ಲಿ ಮಾಲ್‌ನ ಸೆಕ್ಯುರಿಟಿಯವನು ಬ್ಯಾಗು ತೆರೆದು ತೋರಿಸಿ ಎನ್ನುತ್ತಾನೆ, ಅಷ್ಟೇ.

ಮಿಲ್ಲಿನ ಕೆಳಗಿದ್ದ ಜಮೀನೇ ನಿಜವಾದ ಅದಿರು ಎಂದು ಗೊತ್ತಾದದ್ದು ಆಮೇಲೆ. 1991ರ ನಿಯಮ, ಮಿಲ್ಲಿನ ಜಮೀನಿನಲ್ಲಿ ಮೂರನೇ ಒಂದು ಭಾಗ ಊರಿನ ಬಯಲಿಗೆ, ಇನ್ನೊಂದು ಭಾಗ ಬಡವರ ಮನೆಗಳಿಗೆ, ಉಳಿದದ್ದು ಮಾಲೀಕನಿಗೆ ಎಂದಿತು. 2001ರಲ್ಲಿ ಅದಕ್ಕೊಂದು ಚಿಕ್ಕ ತಿದ್ದುಪಡಿ ಬಂತು: ಹಂಚಬೇಕಾದದ್ದು ಖಾಲಿ ಜಮೀನನ್ನು ಮಾತ್ರ. ಮಿಲ್ಲು ಅಂದಮೇಲೆ ಕಟ್ಟಡವೇ ಜಾಸ್ತಿ, ಖಾಲಿ ಎಲ್ಲಿರುತ್ತದೆ? 2006ರಲ್ಲಿ ಸುಪ್ರೀಂ ಕೋರ್ಟೂ ಸೈ ಎಂದಿತು. ಒಂದು ಪದದ ಬೆಲೆ ಕೋಟಿಗಟ್ಟಲೆ ಅನ್ನುವುದನ್ನು ನಾವು ಬರಹಗಾರರು ಬರೀ ಕನಸಿನಲ್ಲಿ ಕಂಡಿದ್ದೇವೆ, ನಗರಾಭಿವೃದ್ಧಿ ಖಾತೆಯವರು ಸಾಧಿಸಿ ತೋರಿಸಿದರು. ಈಗ ಬೈಕುಲ್ಲಾದ ಆಕಾಶದಲ್ಲಿ ಐವತ್ತು ಅರವತ್ತು ಮಾಳಿಗೆಯ ಗೋಪುರಗಳು. ಕೋಲಾರದವರು ಕೆಳಕ್ಕೆ ಅಗೆದರು. ಇವರು ಮೇಲಕ್ಕೆ ಅಗೆಯುತ್ತಿದ್ದಾರೆ.

ಸಮುದ್ರ ತುಂಬಿಸುವ ಚಟವಂತೂ ಬಿಡಲೇ ಇಲ್ಲ. 1920ರ ದಶಕದಲ್ಲಿ ಮತ್ತೆ ಬ್ಯಾಕ್‌ಬೇ ತುಂಬಿಸಲು ಹೊರಟು, ಖರ್ಚು ಕೈಮೀರಿ, ಹಗರಣವಾಯಿತು. ವೀರ ನರಿಮನ್ ಎಂಬ ವಕೀಲರು ಅದನ್ನು ಬಯಲಿಗೆಳೆದು, ಮಾನನಷ್ಟದ ಮೊಕದ್ದಮೆಯನ್ನೂ ಗೆದ್ದರು. ಮುಂದೆ ಅದೇ ಕಡಲನ್ನು ಇನ್ನಷ್ಟು ತುಂಬಿಸಿದಾಗ ಸಿಕ್ಕ ಜಾಗಕ್ಕೆ ಏನು ಹೆಸರಿಟ್ಟರು ಗೊತ್ತೇ? ನರಿಮನ್ ಪಾಯಿಂಟ್. ವಿರೋಧಿಗಳ ಬಾಯಿ ಮುಚ್ಚಿಸಲು ಇದಕ್ಕಿಂತ ಗಟ್ಟಿಯಾದ ಮಣ್ಣು ಇಲ್ಲ.

ಇನ್ನು ಕೆಜಿಎಫ್. 2001ರ ಫೆಬ್ರವರಿ 28ರಂದು ಅಲ್ಲಿಯ ಗಣಿ ನಿಂತಿತು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿದ್ದ ಊರು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಈಗ ಆ ಊರಿನವರು ನಸುಕಿಗೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿ, ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ಚಿನ್ನ ತೆಗೆದುಳಿದ ಸೈನೈಡಿನ ಮಣ್ಣು ಗುಡ್ಡಗಳಾಗಿ ನಿಂತಿದೆ, ಗಾಳಿ ಬಂದಾಗ ಮನೆಯೊಳಗೆ ಬರುತ್ತದೆ. ಅಲ್ಲಿ ಯಾವ ಗಣಿ ಕಾರ್ಮಿಕನ ತಾಯಿಯ ಹೆಸರಲ್ಲೂ ಗಡಿಯಾರದ ಗೋಪುರ ಇಲ್ಲ. ಗಣಿಯೊಳಗಿದ್ದು ಬಿದ್ದವನಿಗೂ ವರಾಂಡದಲ್ಲಿದ್ದು ಬಿದ್ದವನಿಗೂ ಇರುವ ಅಂತರ ಅದು.

ಲೋಕಲ್‌ನಲ್ಲಿ ನಮ್ಮ ಊರ ಕಡೆಯ ಒಬ್ಬ ತರುಣ ಫೋನಿನಲ್ಲಿ ಕೆಂಪು ಹಸಿರು ಕಡ್ಡಿಗಳನ್ನು ನೋಡುತ್ತಾ ಕೂತಿದ್ದ. ಹೋಟೆಲ್ ಕ್ಯಾಷಿಯರು. “ಆಪ್ಷನ್ ಆಡ್ತೇನೆ ಮಾರಾಯ್ರೆ, ಇದರಲ್ಲಿ ಮೈ ಬಗ್ಗಿಸುವ ರಗಳೆ ಇಲ್ಲ” ಎಂದ. 1865ರ ಜುಲೈ ಒಂದನೇ ತಾರೀಖಿನ ಕಥೆ ಹೇಳಿದೆ. “ಅದು ಆಗಿನ ಕಾಲ, ಈಗ ಆ್ಯಪ್ ಉಂಟಲ್ಲ” ಎಂದ. ಆ್ಯಪ್ ಇರುವುದರಿಂದಲೇ ಲೆಕ್ಕ ಚೊಕ್ಕವಾಗಿ ಸಿಗುತ್ತದೆ. 2021-22ರಿಂದ ಮೂರು ವರ್ಷಗಳಲ್ಲಿ ಎಫ್ ಅಂಡ್ ಓ, ಅಂದರೆ ಫ್ಯೂಚರ್ಸ್ ಅಂಡ್ ಆಪ್ಷನ್ಸ್, ಆಡಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ಎಲ್ಲ ಸೇರಿ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ಸೆಬಿಯೇ 2024ರಲ್ಲಿ ಹೇಳಿದೆ. ತರುಣನಿಗೆ ಅದನ್ನೂ ಹೇಳಿದೆ. “ಉಳಿದ ಏಳು ಮಂದಿ ಯಾವ ಆ್ಯಪ್ ಬಳಸುತ್ತಾರೆ ಗೊತ್ತುಂಟಾ ನಿಮಗೆ?” ಎಂದು ಕೇಳಿದ.

ಇಂಥ ಬೇಡಿಕೆಯನ್ನು ಕಂಡು ನಾನೂ ಒಂದು ಕಂಪನಿ ತೆರೆಯಬೇಕೆಂದಿದ್ದೇನೆ. ಬೈಕುಲ್ಲಾ ಚಿನ್ನದ ಗಣಿ ಕಂಪನಿ, ನಿಯಮಿತ. ಕಚೇರಿ: ಫ್ಲೈಓವರುಗಳ ನಡುವೆ ಖಡಾ ಪಾರ್ಸಿಯ ಪ್ರತಿಮೆಯ ಕಟ್ಟೆ. 1860ರ ದಶಕದಿಂದ ಎಲ್ಲ ಏರಿಳಿತ ಕಂಡು ಒಂದು ಶೇರನ್ನೂ ಕೊಳ್ಳದೆ ನಿಂತಿರುವ ಏಕೈಕ ಬೈಕುಲ್ಲಾವಾಸಿ ಅವರಾದ್ದರಿಂದ ಅವರೇ ಅಧ್ಯಕ್ಷರು. ಎಲ್ಲಿಯೂ ಅಗೆಯುವುದಿಲ್ಲ. ಏನನ್ನೂ ತೆಗೆಯುವುದಿಲ್ಲ. ಹಾಗಾಗಿ ಪರಿಸರ ಇಲಾಖೆಯ ಅನುಮತಿ ಬೇಡ, ಕಾರ್ಮಿಕರು ಬೇಡ, ಆಯೋಗ ಕೂತರೂ ಅದಕ್ಕೆ ಕೆಲಸವಿಲ್ಲ. ಮುಖಬೆಲೆ 5,000, ಪ್ರೀಮಿಯಂ ಬರೀ 50,000. ಕೆಜಿಎಫ್‌ನವರಿಗೂ ಎರೆಸೀಮೆಯವರಿಗೂ ಮೀಸಲಾತಿ ಇಲ್ಲ, ಅವರು ಆಗಲೇ ತಮ್ಮ ಪಾಲು ಕಟ್ಟಿದ್ದಾರೆ. ಕೊನೆಯ ದಿನಾಂಕ ಜುಲೈ 1.